ಬಿಸಿಯಾಗದ ಕಾರು

ಆ ಮನೆಯಲ್ಲಿ ಅತ್ತೆಗೆ ಬೆನ್ನುನೋವು, ಮಾವನಿಗೆ ಕಿವಿ ಮಂದ, ಕಾರಿಗೆ ಹಸಿವು. ಮೊದಲೆರಡಕ್ಕೆ ಹೇಗೋ ಮದ್ದು ಸಿಕ್ಕಿತ್ತು. ಕಾರಿನ ಹಸಿವಿಗೆ ಮಾತ್ರ ಎಷ್ಟು ಸುರಿದರೂ ಸಾಲದು. ಹದಿನೇಳು ವರ್ಷದ ಹಳೆಯ ಗಾಡಿ. ಒಂದು ಕಾಲದಲ್ಲಿ ಅದು ನೀಲಿಯಾಗಿತ್ತೆಂದು ಬಾಗಿಲು ತೆರೆದು ಸಂದಿಯಲ್ಲಿ ನೋಡಿದರೆ ಗೊತ್ತಾಗುತ್ತಿತ್ತು. ಒಂದು ಲೀಟರ್ ಪೆಟ್ರೋಲಿಗೆ ಎಂಟು ಕಿಲೋಮೀಟರು ಓಡಿ, ಒಂಬತ್ತನೆಯದಕ್ಕೆ ಇನ್ನೊಂದು ಲೀಟರಿಗೆ ಬಾಯಿ ತೆರೆಯುತ್ತಿತ್ತು. ಅತ್ತೆ ಅದಕ್ಕೆ ಬಕಾಸುರನೆಂದು ಹೆಸರಿಟ್ಟಿದ್ದರು. ಬಕಾಸುರನಾದರೂ ಬಂಡಿ ಅನ್ನ ಉಂಡು ಸುಮ್ಮನಾಗುತ್ತಿದ್ದ, ಇದು ಆ ಜಾತಿಯದೂ ಅಲ್ಲ ಎಂದು ಸೇರಿಸುವುದನ್ನು ಅವರು ಮರೆಯುತ್ತಿರಲಿಲ್ಲ.

ಕಾರು ಮಾವನ ಹೆಸರಿನಲ್ಲಿತ್ತು, ಓಡಿಸುವವಳು ಸೊಸೆ. ಅವಳ ಕೆಲಸ ಪರದೆ ಹೊಲಿಯುವುದು. ಮನೆಮನೆಗೆ ಹೋಗಿ ಕಿಟಕಿಯ ಅಳತೆ ತೆಗೆದುಕೊಳ್ಳುತ್ತಿದ್ದಳು, ಬಟ್ಟೆಯ ತಾನುಗಳನ್ನು ಹೊತ್ತೊಯ್ದು ತೋರಿಸುತ್ತಿದ್ದಳು, ಹೊಲಿದ ಮೇಲೆ ಏಣಿ, ಡ್ರಿಲ್ಲು, ಎಂಟಡಿ ಪೈಪುಗಳನ್ನು ಕೊಂಡೊಯ್ದು ತಾನೇ ಗೋಡೆಗೆ ತೂತು ಕೊರೆದು ಪರದೆ ತೂಗುಹಾಕಿ ಬರುತ್ತಿದ್ದಳು. ಎಂಟಡಿ ಪೈಪನ್ನು ಬಸ್ಸಿನಲ್ಲಿ ಯಾರೂ ಹತ್ತಿಸಿಕೊಳ್ಳುವುದಿಲ್ಲ. ಹಾಗಾಗಿ ಕಾರೇ ಅವಳ ಅಂಗಡಿ, ಕಾರೇ ಅವಳ ಬೋರ್ಡು. ಅದಕ್ಕೆ ಮುಂಚೆ ಒಂಬತ್ತು ವರ್ಷ ಒಂದು ರೆಡಿಮೇಡ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಡವರ ಪ್ಯಾಂಟಿನ ಕಾಲು ಮೋಟು ಮಾಡುತ್ತಾ ಕೂತಿದ್ದವಳು ಅವಳು. ಅಲ್ಲಿ ನೀರು ಕುಡಿಯಲು ಏಳಬೇಕಾದರೂ ಮಾಲೀಕನ ಮುಖ ನೋಡಬೇಕಿತ್ತು. ಮೂರು ವರ್ಷದಿಂದ ಯಾರ ಮುಖವನ್ನೂ ನೋಡದೆ ದುಡಿಯುತ್ತಿದ್ದಳು, ಅದರ ರುಚಿ ಹತ್ತಿತ್ತು.

ಒಂದು ಗುರುವಾರ ಊಟಕ್ಕೆ ಕೂತಾಗ ಗಂಡ ವಿಷಯ ಎತ್ತಿದ. ಅವನು ಮುದ್ರಣಾಲಯದಲ್ಲಿ ಮೇಲ್ವಿಚಾರಕ, ಮಾತು ಅಳೆದು ಆಡುವವನು. ಹಳೇ ಕಾರು ಕೊಳ್ಳುವ ಒಬ್ಬರು ಸಿಕ್ಕಿದ್ದಾರೆ, ತಿಂಗಳ ಕೊನೆಯ ಭಾನುವಾರ ಬಂದು ನೋಡುತ್ತಾರೆ, ಒಪ್ಪಿದರೆ ಅಂದೇ ತೆಗೆದುಕೊಂಡು ಹೋಗುತ್ತಾರೆ ಎಂದ. ಸಾರು ಬಡಿಸುತ್ತಿದ್ದ ಸೊಸೆಯ ಸೌಟು ಅಲ್ಲೇ ನಿಂತಿತು.

"ಆಮೇಲೆ ನಾನು ಕೆಲಸಕ್ಕೆ ಹೋಗೋದು ಹೇಗೆ?"

"ಆ ರೆಡಿಮೇಡ್ ಅಂಗಡಿಯವರು ಇನ್ನೂ ಕರೀತಾನೇ ಇದಾರಲ್ಲ," ಎಂದ ಗಂಡ. "ನಾನು ಕೆಟ್ಟದ್ದಕ್ಕೆ ಹೇಳ್ತಿಲ್ಲ. ನೀನು ದುಡಿಯೋದು, ಅದು ಕುಡಿಯೋದು. ಸರಿಗೆ ಸರಿ."

ಮಾತು ಸುಳ್ಳಾಗಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಅವಳು ಸೌಟು ಕೆಳಗಿಟ್ಟು, ಲೀಟರಿಗೆ ಎಷ್ಟು ಕಿಲೋಮೀಟರು ಕೊಟ್ಟರೆ ಕಾರು ಇಟ್ಟುಕೊಳ್ಳಬಹುದು ಎಂದು ಕೇಳಿದಳು. ಗಂಡ ಒಂದು ತುತ್ತು ನುಂಗುವಷ್ಟು ಹೊತ್ತು ಯೋಚಿಸಿ, ಹನ್ನೆರಡು ಕೊಟ್ಟರೆ ಮತ್ತೆ ಆ ಮಾತೇ ಎತ್ತುವುದಿಲ್ಲ ಎಂದ.

ಮಾವ ತಟ್ಟೆಯಿಂದ ತಲೆ ಎತ್ತಿದರು. ಮೂವತ್ತನಾಲ್ಕು ವರ್ಷ ಬಟ್ಟೆ ಮಿಲ್ಲಿನ ಬಾಯ್ಲರು ನೋಡಿಕೊಂಡು ನಿವೃತ್ತರಾದವರು ಅವರು. ಬಾಯ್ಲರಿನ ಗದ್ದಲವೇ ಕಿವಿಯನ್ನೂ ತಿಂದಿದ್ದು. "ಗಾಡಿಗೆ ಏನೂ ಆಗಿಲ್ಲ," ಎಂದರು. "ಹನ್ನೊಂದು ವರ್ಷದಿಂದ ಒಂದೇ ಒಂದು ದಿನ ಬಿಸಿ ಆಗಿಲ್ಲ. ಬಿಸಿ ತೋರಿಸೋ ಮುಳ್ಳು ತಳ ಬಿಟ್ಟು ಮೇಲೆದ್ದಿಲ್ಲ. ಯಾರ ಕಾರಿದೆ ಹಂಗೆ?" ಈ ಮಾತನ್ನು ಆ ಮನೆಯವರು ಉಪ್ಪಿನಕಾಯಿಯಷ್ಟು ಸಲ ಊಟದ ಜೊತೆ ಸವಿದಿದ್ದರು. ಹಾಗಾಗಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ವಾರ ಕಳ್ಳನನ್ನು ಹುಡುಕುವುದರಲ್ಲೇ ಕಳೆಯಿತು. ಪೆಟ್ರೋಲ್ ಬಂಕಿನವನು ಅಳತೆಯಲ್ಲಿ ಮೋಸ ಮಾಡುತ್ತಾನೆ ಎಂಬುದು ಗಂಡನ ವಾದ. ಪಕ್ಕದ ಮನೆಯವನು ಪೈಪು ಹಾಕಿ ಹೀರುತ್ತಾನೆ ಎಂಬುದು ಅತ್ತೆಯ ಗುಮಾನಿ. ಅವನ ಮನೆಯಲ್ಲಿ ಕಾರಿರಲಿ, ಸೈಕಲ್ಲೂ ಇರಲಿಲ್ಲ, ಆದರೂ ಅವರು ಗುಮಾನಿ ಬಿಡಲಿಲ್ಲ. ಹದಿನಾಲ್ಕು ವರ್ಷದ ಮಗಳು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕು ಅಪ್ಪನಿಂದ ಬೈಸಿಕೊಂಡಳು. ಸೊಸೆ ಯಾರೊಂದಿಗೂ ವಾದಕ್ಕಿಳಿಯಲಿಲ್ಲ. ಪರದೆ ಕೆಲಸದಲ್ಲಿ ಅವಳು ಕಲಿತಿದ್ದ ಪಾಠ ಒಂದೇ: ಮನೆಯವರು ಹೇಳಿದ ಅಳತೆಯನ್ನು ನಂಬಬಾರದು, ಟೇಪು ಹಿಡಿದೇ ನೋಡಬೇಕು. ಟ್ಯಾಂಕನ್ನು ಬಾಯಿತುಂಬ ತುಂಬಿಸಿದಳು, ಮೂರು ದಿನ ಓಡಿಸಿದಳು, ಮತ್ತೆ ಬಾಯಿತುಂಬ ತುಂಬಿಸಿ ಎಷ್ಟು ಹಿಡಿಯಿತೆಂದು ನೋಡಿದಳು. ಮಗಳು ಭಾಗಾಕಾರ ಮಾಡಿ, ಎಂಟು ಎಂದಳು. ಬೇರೆ ಬಂಕಿನಲ್ಲೂ ಅದೇ ಎಂಟು ಬಂತು. ಊರಿನ ಬಂಕುಗಳೆಲ್ಲ ಕೂಡಿಕೊಂಡು ಒಂದೇ ಅಳತೆಯಲ್ಲಿ ಮೋಸ ಮಾಡಲಾರವು. ಕಳ್ಳ ಮನೆಯೊಳಗೇ ಇದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು.

ಇದ್ದದ್ದು ಒಬ್ಬ ಕಳ್ಳನಲ್ಲ. ಗಾಳಿ ತುಂಬಿಸಲು ಹೋದರೆ ಅಂಗಡಿಯವನು ಗೇಜು ನೋಡಿ, ಅಜ್ಜಿ ಇಷ್ಟೇ ಸಾಕು ಅಂತ ಹೇಳಿಟ್ಟಿದ್ದಾರಲ್ಲ ಎಂದ. ವಿಚಾರಿಸಿದರೆ, ಟೈರು ಗಟ್ಟಿಯಿದ್ದರೆ ಹಳ್ಳಕ್ಕೆ ಬಿದ್ದಾಗ ಬೆನ್ನು ಮುರಿಯುತ್ತದೆಂದು ಅತ್ತೆ ಎರಡು ವರ್ಷದಿಂದ ಗುಟ್ಟಾಗಿ ಕಡಿಮೆ ಗಾಳಿ ಹಾಕಿಸುತ್ತಿದ್ದರು. ಡಿಕ್ಕಿ ತೆಗೆದು ಏಣಿ, ಡ್ರಿಲ್ಲು ಎಲ್ಲ ಇಳಿಸಿದರೆ ತಳದಲ್ಲಿ ಗಂಡನ ಮುದ್ರಣಾಲಯದ ರದ್ದಿ ಕಾಗದ, ಹನ್ನೆರಡು ಕಟ್ಟು. ತೂಕಕ್ಕೆ ಹಾಕೋಣವೆಂದು ಅವನೇ ತಂದಿಟ್ಟು ಮರೆತದ್ದು. ಇಬ್ಬರು ಹೆಂಗಸರನ್ನು ಕೂರಿಸಿಕೊಂಡು ತಿರುಗಿದಷ್ಟು ಭಾರ. ಅವಳು ಕಟ್ಟುಗಳನ್ನೆಲ್ಲ ಹೊತ್ತು ತಂದು ಅವನ ಮಂಚದ ಪಕ್ಕ ಸಾಲಾಗಿ ಪೇರಿಸಿಟ್ಟಳು.

ತನ್ನದೂ ಒಂದು ಪಾಲಿದೆ ಎಂದು ಒಪ್ಪಿಕೊಳ್ಳುವುದು ಕಷ್ಟವಾಯಿತು. ಕಾರಿನ ನೆತ್ತಿಯ ಮೇಲೆ ಕ್ಯಾರಿಯರ್ ಕೂರಿಸಿ, ಕೆಲಸವಿರಲಿ ಬಿಡಲಿ ಪೈಪುಗಳನ್ನು ಹೊತ್ತುಕೊಂಡೇ ತಿರುಗುತ್ತಿದ್ದವಳು ಅವಳು. ಪೈಪು ಕಂಡರೆ ಜನ ಕೇಳುತ್ತಾರೆ, ಕೇಳಿದರೆ ಕೆಲಸ ಸಿಗುತ್ತದೆ ಎಂಬ ಆಸೆ. ಆ ಭಾರಕ್ಕಿಂತ ಹೆಚ್ಚಾಗಿ ಅದು ಗಾಳಿಗೆ ಅಡ್ಡ ನಿಲ್ಲುತ್ತದೆ, ಗಾಳಿಯನ್ನು ಸೀಳಲು ಎಂಜಿನ್ನು ಪೆಟ್ರೋಲು ಕುಡಿಯಬೇಕು. ಅಂದಿನಿಂದ ಬೇಕಾದ ದಿನ ಮಾತ್ರ ನಾಲ್ಕು ಬೋಲ್ಟು ಬಿಗಿದು ಕೂರಿಸಿಕೊಳ್ಳುವುದು, ಸಂಜೆ ಬಿಚ್ಚುವುದು. ತೋಳು ನೋಯುತ್ತಿತ್ತು. ಅತ್ತೆ, ಟೈರಿಗೆ ಸರಿಯಾಗಿ ಗಾಳಿ ತುಂಬಿಸಿದ ದಿನದಿಂದ ಹಳ್ಳ ಬಂದಾಗಲೆಲ್ಲ ಬೇಕೆಂದೇ ಎರಡರಷ್ಟು ನರಳಿದರು. ವಾರದ ಕೊನೆಗೆ ಮಗಳು ಭಾಗಾಕಾರ ಮಾಡಿದಳು. ಒಂಬತ್ತೂ ಮುಕ್ಕಾಲು.

"ಇನ್ನೂ ಎರಡೂ ಕಾಲು ಬಾಕಿ," ಎಂದ ಗಂಡ, ಮಂಚದ ಪಕ್ಕದ ಕಾಗದದ ಗೋಡೆ ದಾಟಿ ಬರುತ್ತಾ. ಆದರೆ ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

ಮೂರನೆಯ ವಾರ ಕಾರು ಗ್ಯಾರೇಜಿಗೆ ಹೋಯಿತು. ಗ್ಯಾರೇಜಿನ ಮೇಸ್ತ್ರಿ ಹೊಟ್ಟೆ ಬಂದ ಮನುಷ್ಯ, ಕಾರಿನೊಂದಿಗೆ ಮಾತಾಡಿದಷ್ಟು ಗಿರಾಕಿಗಳೊಂದಿಗೆ ಆಡುವವನಲ್ಲ. ಜಾಕ್ ಹಾಕಿ ಹಿಂದಿನ ಎಡಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತುಬಿಟ್ಟಿತು. ಬ್ರೇಕು ಹಿಡಿದುಕೊಂಡೇ ಇತ್ತು. ಅದನ್ನು ಸರಿಮಾಡಿದ. ಕಸ ಕಟ್ಟಿಕೊಂಡಿದ್ದ ಗಾಳಿಯ ಫಿಲ್ಟರ್ ಬದಲಿಸಿದ. ಆಮೇಲೆ ಹೊಗೆ ಕೊಳವೆಯ ಬಾಯಿಗೆ ಬೆರಳು ಹಾಕಿ ಮಸಿ ಮೂಸಿ ನೋಡಿದ, ಮುಖ ಗಂಟಿಕ್ಕಿದ. ಪೂರ್ತಿ ಉರಿಯದ ಪೆಟ್ರೋಲಿನ ವಾಸನೆ. ಇಂದು ಬಿಟ್ಟು ಹೋಗಿ, ರಾತ್ರಿಯೆಲ್ಲ ತಣ್ಣಗಾಗಲಿ, ಬೆಳಿಗ್ಗೆ ನೋಡೋಣ ಎಂದ.

ಬೆಳಿಗ್ಗೆ ಅವಳೆದುರಿಗೇ ಎಂಜಿನ್ ಚಾಲೂ ಮಾಡಿ, ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಪೈಪನ್ನು ಹಿಡಿದು ನೋಡಲು ಹೇಳಿದ. ಸ್ವಲ್ಪ ಹೊತ್ತಿಗೇ ಪೈಪು ಉಗುರುಬೆಚ್ಚಗಾಯಿತು. ಇಷ್ಟು ಬೇಗ ಆಗಬಾರದು ಎಂದ ಮೇಸ್ತ್ರಿ. ಎಂಜಿನ್ನು ಹದವಾಗಿ ಬಿಸಿಯಾಗುವವರೆಗೆ ಅದರೊಳಗಿನ ನೀರನ್ನು ಹೊರಗೆ ಬಿಡದ ಹಾಗೆ ಅಲ್ಲೊಂದು ವಾಲ್ವು ಇರಬೇಕು, ಥರ್ಮೋಸ್ಟಾಟ್ ಅಂತ. ಬಿಸಿಯಾದ ಮೇಲೆ ತಾನೇ ಬಾಯಿ ತೆರೆಯುತ್ತದೆ. ಅವನು ಎಂಜಿನ್ ಆರಿಸಿ, ಎರಡು ಬೋಲ್ಟು ಬಿಚ್ಚಿ ಮುಚ್ಚಳ ಎತ್ತಿ ತೋರಿಸಿದ. ವಾಲ್ವು ಇರಬೇಕಾದ ಜಾಗ ಖಾಲಿ.

"ಬಾಗಿಲೇ ಇಲ್ಲದ ಮನೆ ಆಗಿದೆ ನೋಡಿ," ಎಂದ. "ಎಂಜಿನ್ನು ಬಿಸಿ ಆಗೋದೇ ಇಲ್ಲ. ಬಿಸಿ ಆಗದ ಎಂಜಿನ್ನಿಗೆ ಪೆಟ್ರೋಲು ಜಾಸ್ತಿ ಬಿಡು ಅಂತ ಗಾಡಿಯ ಕಂಪ್ಯೂಟರ್ ಹೇಳ್ತಾನೇ ಇರತ್ತೆ. ಚಳಿಜ್ವರದವನಿಗೆ ದಿನಾ ಕಂಬಳಿ ಹೊದಿಸಿದ ಹಂಗೆ."

ಮುಚ್ಚಳದ ಕೆಳಗೆ ನೀರು ಸೋರದಂತೆ ಇಟ್ಟಿದ್ದ ಗ್ಯಾಸ್ಕೆಟನ್ನು ಅವನು ಬೆರಳಿನಲ್ಲಿ ಎತ್ತಿ ಹಿಡಿದ. ಅದು ಅಂಗಡಿಯದಲ್ಲ, ಬೂದು ಹಾಳೆಯಿಂದ ಕೈಯಲ್ಲಿ ಕತ್ತರಿಸಿದ್ದು, ಅಂಚು ಒಂದು ಕೂದಲೆಳೆಯೂ ಆಚೀಚೆ ಆಗಿರಲಿಲ್ಲ. ಯಾರೋ ಕೈ ಪಳಗಿದವರ ಕೆಲಸ ಎಂದು ಮೇಸ್ತ್ರಿ ಮೆಚ್ಚಿಕೊಂಡ. ಸೊಸೆಗೆ ಗುರುತು ಸಿಕ್ಕಿತು. ಆ ಬೂದು ಹಾಳೆಯ ಸುರುಳಿ ಮಾವನ ಟ್ರಂಕಿನಲ್ಲಿ ಇನ್ನೂ ಇತ್ತು. ಹನ್ನೊಂದು ವರ್ಷದಿಂದ ಬಿಸಿಯಾಗದ ಕಾರಿನ ಹೆಗ್ಗಳಿಕೆ ಏನೆಂದು ಅವಳಿಗೆ ಆಗ ತಿಳಿಯಿತು. ರೋಗವನ್ನೇ ದಿನಾ ಊಟದ ಹೊತ್ತಿಗೆ ಹಾಡಿ ಹೊಗಳಿದ್ದರು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಮೇಸ್ತ್ರಿ ಲೋಕ ಕಂಡವನು. ಅವಳ ಮುಖ ನೋಡಿಯೇ ಮನೆಯ ಹಿರಿಯರ ಕೆಲಸವೆಂದು ಊಹಿಸಿ, ಹೇಳದೇ ಹೊಸ ವಾಲ್ವು ಹಾಕಿಬಿಡೋಣ, ಹಾವೂ ಸಾಯಲಿ ಕೋಲೂ ಮುರಿಯದಿರಲಿ ಎಂದ. ಅವಳಿಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆದರೆ ಮುಳ್ಳು ಮೇಲೆದ್ದರೆ ಮಾವ ಸುಮ್ಮನಿರುವವರಲ್ಲ. ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಮುಚ್ಚಳ ಬಿಚ್ಚಿ ಕೈ ಸುಟ್ಟುಕೊಳ್ಳುತ್ತಾರೆ. ಅದೂ ಅಲ್ಲದೆ, ಅವರ ಕಾರಿಗೆ ಅವರಿಗೆ ತಿಳಿಯದ ಹಾಗೆ ಕೈ ಹಾಕುವುದು ಅವಳಿಗೆ ಸರಿಕಾಣಲಿಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಕಾರು ತಂದಳು.

ಊಟದ ಹೊತ್ತಿಗೆ ಹೇಳಿದಳು. ಮಾವನ ಕಿವಿಗೆ ಕೇಳುವಷ್ಟು ಜೋರಾಗಿ ಹೇಳಬೇಕಾದ್ದರಿಂದ ಮೆತ್ತಗೆ ಹೇಳುವ ದಾರಿಯೇ ಇರಲಿಲ್ಲ.

"ನನ್ನ ಕೈಯಿಂದಲೇ ಆಗಿದ್ದು ಅಂತೀಯಾ?"

"ಹೌದು ಮಾವ."

"ಆ ವಾಲ್ವು ಅಂಟಿಕೊಂಡು ಗಾಡಿ ಕುದ್ದಿದ್ದು ಗೊತ್ತಾ ನಿನಗೆ? ಇವಳು ಒಳಗಿದ್ದಳು. ಹಬೆ ಎದ್ದಿದ್ದು ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ಅದಕ್ಕೇ ಕಿತ್ತೆಸೆದಿದ್ದು."

ಅತ್ತೆ ತಲೆ ತಗ್ಗಿಸಿ ರೊಟ್ಟಿಯ ಚೂರು ಮುರಿಯುತ್ತಾ ಕೂತರು. ಆ ದಿನ ಅವರಿಗೂ ನೆನಪಿತ್ತು. ಮಿಲ್ಲಿನಲ್ಲಿ ಹಬೆ ಬಡಿದು ಜೊತೆಯವನೊಬ್ಬನ ಮುಖ ಸುಟ್ಟದ್ದನ್ನು ಮಾವ ಹೇಳಿದ್ದೂ, ಹೇಳಿ ಅತ್ತದ್ದೂ ನೆನಪಿತ್ತು. ಇದೇ ಹೊತ್ತಿಗೆ ಮಗ ಬಾಯಿ ಹಾಕಿದ: ಅಪ್ಪನ ರಿಪೇರಿ ಇಷ್ಟು ವರ್ಷ ಅನುಭವಿಸಿದ್ದು ಸಾಕು, ಭಾನುವಾರ ಕೊಟ್ಟು ಕೈತೊಳೆದುಕೊಳ್ಳೋಣ. ಸೊಸೆಗೆ ಸಿಟ್ಟು ಬಂದದ್ದು ಆಗ.

"ಅತ್ತೆ ಒಳಗಿದ್ದರು ಅಂತ ಮಾಡಿದಾರೆ. ನೀವು ರದ್ದಿ ಹೊರಿಸಿದ್ದು ಯಾರ ಜೀವ ಉಳಿಸೋಕೆ?"

ಗಂಡ ನೀರು ಕುಡಿದ. ಮಾವ ಆಗಲೇ ತಟ್ಟೆ ಸರಿಸಿ ಎದ್ದಾಗಿತ್ತು.

ಎರಡು ದಿನ ಮಾವ ಮುಂದಿನ ಕೋಣೆಯಲ್ಲಿ ಒಬ್ಬರೇ ಉಂಡರು. ಅತ್ತೆ ತಟ್ಟೆ ಕೊಂಡೊಯ್ಯುವಾಗ ಅವರನ್ನು ಬೈದರು, ವಾಪಸ್ಸು ಬರುವಾಗ ಸೊಸೆಯನ್ನು ಬೈದರು. ಭಾನುವಾರಕ್ಕೆ ಎಂಟೇ ದಿನ ಉಳಿದಿತ್ತು. ಬ್ರೇಕು ಸರಿಯಾದ ಮೇಲೆ ಲೀಟರಿಗೆ ಹತ್ತೂವರೆ ಬಂದಿತ್ತು, ಅಲ್ಲಿಗೇ ನಿಂತಿತ್ತು. ಮೂರನೆಯ ದಿನ ಸೊಸೆ ತಾನೇ ತಟ್ಟೆ ಒಯ್ದಳು, ಎದುರಿಗೆ ಕೂತಳು, ಬೇರೆಯೇ ಮಾತು ತೆಗೆದಳು.

"ಮಾವ, ನಿಮ್ಮ ಬಾಯ್ಲರು ಯಾವತ್ತು ಜಾಸ್ತಿ ಕಲ್ಲಿದ್ದಲು ತಿಂತಿತ್ತು?"

ಅವರಿಗೆ ಆ ವಿಷಯ ಸಿಕ್ಕರೆ ಮುನಿಸೂ ಮರೆಯುತ್ತದೆ. "ಸೋಮವಾರ," ಎಂದರು. ಭಾನುವಾರ ರಜೆಯಲ್ಲಿ ಬಾಯ್ಲರು ತಣ್ಣಗಾಗುತ್ತಿತ್ತಲ್ಲ, ಸೋಮವಾರ ಹಬೆ ಏಳಿಸುವಷ್ಟರಲ್ಲಿ ಬೇರೆ ದಿನ ಸಂಜೆಯವರೆಗೆ ಸಾಕಾಗುವಷ್ಟು ಕಲ್ಲಿದ್ದಲು ಮಧ್ಯಾಹ್ನಕ್ಕೇ ಖಾಲಿ. ಬಿಸಿ ಹಿಡಿದ ಮೇಲೆ ಒಂದು ಸಲಿಕೆ ಎಸೆದರೂ ಸಾಕು, ತಾನೇ ಓಡುತ್ತದೆ ಎಂದು ಕೈ ಬೀಸಿ ವಿವರಿಸಿದರು.

"ನಮ್ಮ ಕಾರಿಗೆ ಹನ್ನೊಂದು ವರ್ಷದಿಂದ ದಿನಾ ಸೋಮವಾರ, ಮಾವ."

ಅವರು ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದರು. ಕೈತೊಳೆದು ಬಂದವರು ಅಂಗಿ ಹಾಕಿಕೊಂಡು, ಆ ವಾಲ್ವು ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಒಂದಲ್ಲ, ಎರಡು ತಂದರು. ಅತ್ತೆಯ ಹಾಲಿನ ಪಾತ್ರೆ ಒಲೆಗೇರಿತು. ನನ್ನ ಪಾತ್ರೆಯಲ್ಲಿ ಕಾರಿನ ಕರುಳು ಬೇಯಿಸಬೇಡಿ ಎಂದು ಅತ್ತೆ ಅಡ್ಡ ನಿಂತರು, ಮಾವ ಅವರನ್ನು ಪಕ್ಕಕ್ಕೆ ಸರಿಸಿದರು. ಪಾತ್ರೆಯ ಮೇಲೆ ಸೌಟು ಅಡ್ಡವಿಟ್ಟು, ದಾರದಲ್ಲಿ ವಾಲ್ವನ್ನು ನೀರಿಗಿಳಿಬಿಟ್ಟು, ಟ್ರಂಕಿನಿಂದ ಮಿಲ್ಲಿನ ಕಾಲದ ಉದ್ದನೆಯ ಗಾಜಿನ ಥರ್ಮಾಮೀಟರು ತಂದು ಹಿಡಿದರು. ವಾಲ್ವಿನ ಮೇಲೆ ಎಂಬತ್ತೆರಡು ಡಿಗ್ರಿ ಎಂದು ಕೆತ್ತಿತ್ತು. ಮೊಮ್ಮಗಳು ಜೋರಾಗಿ ಓದುತ್ತಾ ಹೋದಳು. ಎಂಬತ್ತಾದರೂ ಅದು ಬಾಯಿ ಬಿಗಿದುಕೊಂಡೇ ಇತ್ತು. ಎಂಬತ್ತೆರಡಕ್ಕೆ ಸಣ್ಣಗೆ ತೆರೆಯಿತು, ತೊಂಬತ್ತೈದಕ್ಕೆ ಪೂರ್ತಿ. ನೀರು ತಣಿದಾಗ ಮೊದಲನೆಯದು ಮುಚ್ಚಲು ತಡಮಾಡಿತೆಂದು ಮಾವ ಅದನ್ನು ಅಂಗಡಿಗೆ ಹಿಂತಿರುಗಿಸಿದರು. ಎರಡನೆಯದನ್ನು ಮೂರು ಸಲ ಕುದಿಸಿ ನೋಡಿದರು. ಮೂರು ಸಲವೂ ಅದು ಹೇಳಿದ ಮಾತಿಗೆ ತಪ್ಪಲಿಲ್ಲ. ಗ್ಯಾರೇಜಿಗೆ ಹೋಗಿ, ಮೇಸ್ತ್ರಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹೊಸ ಗ್ಯಾಸ್ಕೆಟನ್ನು ತಾವೇ ಕತ್ತರಿಸಿ ತಮ್ಮ ಕೈಯಾರೆ ಕೂರಿಸಿದರು. ಸೊಸೆಗೆ ಆ ಕೈಗಳನ್ನು ನೋಡಿ ಹೆಮ್ಮೆಯಾಯಿತು.

ಮಾರನೆಯ ಬೆಳಿಗ್ಗೆ ನಾಲ್ವರೂ ಹೊರಟರು. ಗಂಡನಿಗೆ ಪಾಳಿ ಇತ್ತು. ಊರು ದಾಟುವ ಮುಂಚೆಯೇ ಮುಳ್ಳು ತಳ ಬಿಟ್ಟು ಏಳತೊಡಗಿತು. ಮಾವ ಮುಂದಿನ ಸೀಟಿನಲ್ಲಿ ಬಾಗಿಲ ಹಿಡಿ ಬಿಗಿಹಿಡಿದು ಕೂತಿದ್ದರು.

"ನಿಲ್ಲಿಸಮ್ಮಾ."

"ಅರ್ಧಕ್ಕೆ ನಿಲ್ಲತ್ತೆ ಮಾವ. ನೀವೇ ಕುದಿಸಿ ನೋಡಿದೀರಲ್ಲ."

ಮುಳ್ಳು ಅರ್ಧಕ್ಕೆ ಬಂತು, ನಿಂತಿತು. ಏರು ರಸ್ತೆಯಲ್ಲೂ ಕದಲಲಿಲ್ಲ. ಹೀಟರಿನಿಂದ ಬಿಸಿಗಾಳಿ ಬರತೊಡಗಿದಾಗ ಹಿಂದೆ ಕೂತ ಅತ್ತೆ ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡು, ಇಷ್ಟು ವರ್ಷ ಈ ಸುಖ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಮಾವನನ್ನು ಕೇಳಿದರು. ಅವರಿಗೆ ಕೇಳಿಸಿತು. ಕೇಳಿಸದವರ ಹಾಗೆ ಕಿಟಕಿಯಾಚೆ ನೋಡಿದರು, ಆದರೆ ಬಾಗಿಲ ಹಿಡಿ ಬಿಟ್ಟಿದ್ದರು. ವಾರವಿಡೀ ಅವಳು ಕೆಲಸಕ್ಕೆ ಓಡಿಸಿದಳು. ಶನಿವಾರ ಟ್ಯಾಂಕು ತುಂಬಿಸಿ ಬಂದಾಗ ಮಗಳು ಎರಡು ಸಲ ಭಾಗಾಕಾರ ಮಾಡಿ, ಹದಿಮೂರು ಎಂದಳು. ಗಂಡ ಮೂರನೆಯ ಸಲ ತಾನೇ ಮಾಡಿ ನೋಡಿದ. ಹದಿಮೂರೇ.

ಭಾನುವಾರ ಕೊಳ್ಳುವವರು ಬಂದೇ ಬಂದರು. ಬರಬೇಡಿ ಎಂದು ಹೇಳಲು ಗಂಡ ಮರೆತಿದ್ದನೋ, ಮನಸ್ಸು ಮಾಡಿರಲಿಲ್ಲವೋ, ಅವನಿಗೇ ಗೊತ್ತು. ಅಚ್ಚುಕಟ್ಟಾಗಿ ತಲೆ ಬಾಚಿದ, ವಯಸ್ಸಾದ ಮನುಷ್ಯ. ಎಂಜಿನ್ ಚಾಲೂ ಮಾಡಿ ಕೇಳಿದರು, ಒಂದು ಸುತ್ತು ಓಡಿಸಿದರು. ಲೀಟರಿಗೆ ಎಷ್ಟು ಕೊಡುತ್ತದೆ ಎಂದರು. ಹದಿಮೂರು ಎಂದಾಗ ಹುಬ್ಬೇರಿಸಿ, ಮೊದಲು ಹೇಳಿದ್ದಕ್ಕಿಂತ ಕಾಲುಭಾಗ ಹೆಚ್ಚಿಗೆ ಕೊಡುವುದಾಗಿ ಅಲ್ಲಿಯೇ ಹೇಳಿಬಿಟ್ಟರು. ಕಾರನ್ನು ಉಳಿಸಿಕೊಳ್ಳಲು ಸೊಸೆ ಪಟ್ಟ ಪಾಡೇ ಕಾರಿಗೆ ಬೆಲೆ ತಂದುಕೊಟ್ಟಿತ್ತು. ಗಂಡ ಅಪ್ಪನ ಕಡೆ ತಿರುಗಿದ, ಹೂಂ ಅನ್ನಿ ಎನ್ನುವ ಮುಖದಲ್ಲಿ.

"ಕಾಗದ ನನ್ನ ಹೆಸರಲ್ಲಿದೆ," ಎಂದರು ಮಾವ. "ಅನ್ನ ಅವಳದು. ಅವಳನ್ನ ಕೇಳಪ್ಪ."

ಹದಿನಾರು ವರ್ಷದ ಸಂಸಾರದಲ್ಲಿ ಗಂಡ ಅವಳಿಗೆ ಎಷ್ಟೋ ಸಂಗತಿ ಹೇಳಿದ್ದ, ಎಷ್ಟೋ ತಿಳಿಸಿದ್ದ. ಕೇಳಿದ್ದು ಕಡಿಮೆ. ಅವನು ಕತ್ತಿನ ಹಿಂದೆ ಕೆರೆದುಕೊಂಡ, ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ, ಯಾರ ಮುಖದಲ್ಲೂ ಆಸರೆ ಕಾಣದೆ ಕೊನೆಗೆ ಅವಳ ಕಡೆ ತಿರುಗಿದ.

"ಏನಂತೀಯಾ?"

"ಹನ್ನೆರಡು ಅಂದಿದ್ರಿ. ಹದಿಮೂರು ಕೊಟ್ಟಿದೀನಿ," ಎಂದಳು ಅವಳು. ಆಮೇಲೆ ಬಂದವರ ಕಡೆ ತಿರುಗಿ, ಮನೆಗೆ ಬಂದ ಗಿರಾಕಿಯೊಂದಿಗೆ ಮಾತಾಡುವ ದನಿಯಲ್ಲೇ ಹೇಳಿದಳು: "ಕಾರು ಕೊಡಲ್ಲ, ಬೇಜಾರು ಮಾಡ್ಕೋಬೇಡಿ. ಅದರಲ್ಲೇ ಪರದೆ ಕೆಲಸ ಮಾಡ್ತೀನಿ. ನಿಮ್ಮ ಮನೆಯಲ್ಲಿ ಕಿಟಕಿ ಎಷ್ಟಿದಾವೆ?"

ಅವರು ಒಮ್ಮೆ ಕಾರನ್ನು ನೋಡಿದರು, ಒಮ್ಮೆ ಅವಳನ್ನು ನೋಡಿದರು, ಬಂದ ಕೆಲಸ ಯಾವುದೆಂದು ಮರೆತವರ ಹಾಗೆ ಬೆರಳು ಮಡಚಿ ಎಣಿಸತೊಡಗಿದರು. ಒಂಬತ್ತು ಎಂದರು, ಅಡುಗೆಮನೆಯದೂ ಸೇರಿದರೆ ಹತ್ತು.

"ಬುಧವಾರ ಅಳತೆಗೆ ಬರ್ತೀನಿ," ಎಂದಳು ಅವಳು.